ಎನಾಮಲ್ ಒಲೆಯ ಮೇಲೆ ಸುಟ್ಟು ಕೂತ ಬೆಲ್ಲ ತೆಗೆದದ್ದು ಹೀಗೆ

ವಿಜಯಪುರದ ನಮ್ಮ ಮನೆಯಲ್ಲಿ ಹೋಳಿಗೆ ಹೂರಣ ಉಕ್ಕಿ, ಎನಾಮಲ್ ಕುಕಿಂಗ್ ರೇಂಜಿನ ಬರ್ನರ್ ಸುತ್ತ ಬೆಲ್ಲ ಕರಕಲಾಗಿ ಅಂಟಿತ್ತು. ಸ್ಟೀಲ್ ಜುಂಗಿನಿಂದ ಉಜ್ಜಿದೆ. ಗೀರು ಬಿತ್ತು, ಕಲೆ ಅಲ್ಲೇ. ಹುಣಸೆಹಣ್ಣು ಹಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪು. ಎನಾಮಲ್ ಅಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು, ಹುಳಿಗೆ ಮಂಕಾಗುತ್ತದೆ. ಅಂಗೈಯಗಲ ಹೊಳಪು ಹೋಯಿತು.

ಕಡೆಗೆ ಕೈಹಿಡಿದದ್ದು ಅಡುಗೆ ಸೋಡಾ. ಒಲೆ ಪೂರ್ತಿ ಆರಿದ ಮೇಲೆ (ಬಿಸಿ ಇದ್ದಾಗ ತಣ್ಣೀರು ತಾಗಿದರೆ ಬಿರುಕು ಬಿಡಬಹುದು) ಬರ್ನರ್ ತೆಗೆದಿಟ್ಟೆ. ಯಾಕೆಂದರೆ ಅದರ ಅಲ್ಯೂಮಿನಿಯಂ ಸೋಡಾಕ್ಕೆ ಕಪ್ಪಾಗುತ್ತದೆ. 3 ಚಮಚ ಸೋಡಾಕ್ಕೆ 1 ಚಮಚ ನೀರು, ದಪ್ಪಗೆ ಬಳಿದು ಮೇಲೆ ಒದ್ದೆ ಬಟ್ಟೆ. ಬಟ್ಟೆ ಮರೀಬೇಡಿ, ನಮ್ಮ ಬಿಸಿಲಿಗೆ ಮೊದಲ ಸಲ ಅರ್ಧ ತಾಸಿನಲ್ಲೇ ಒಣಗಿ ಉದುರಿತ್ತು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಳೇ ಪ್ಲಾಸ್ಟಿಕ್ ಕಾರ್ಡನ್ನು ಓರೆಯಾಗಿ ತಳ್ಳಿದೆ, ಚಕ್ಕೆಚಕ್ಕೆಯಾಗಿ ಎದ್ದುಬಂತು. ದಪ್ಪ ಇದ್ದಲ್ಲಿ ಎರಡನೇ ರಾತ್ರಿ ಬೇಕಾಯಿತು. ಬೋರ್ ನೀರು ಬಿಳಿ ಗುರುತು ಬಿಡುತ್ತದೆ, ತಕ್ಷಣ ಒಣಬಟ್ಟೆ ಆಡಿಸಿ.