ಗೋಲಿ ಬೇಸಿನ್‌ನಲ್ಲಿ ಅರೇಬಿಯಾದ ಧೂಳು: ಘಟ್ಟದ ಮೇಲೆ ಅಳೆದ ನಮ್ಮ ಅನುಭವ

ಘಟ್ಟದ ಮೇಲೆ ಬೀಳುವುದೆಲ್ಲ ರಸ್ತೆಯ ಕೆಮ್ಮಣ್ಣೇ, ಅದರಲ್ಲಿ ಅರೇಬಿಯಾದ ಧೂಳನ್ನು ಹುಡುಕುವುದು ವ್ಯರ್ಥ ಎಂದವರೇ ಹೆಚ್ಚು. ಮೂರು ಬೇಸಿಗೆ ಹಿಡಿಯಿತು, ಆದರೆ ಎರಡನ್ನೂ ಬೇರ್ಪಡಿಸಿದ್ದೇವೆ. ಆ ಧೂಳು ಗಿಡಗಳಿಗೆ ತರುವ ರಂಜಕವನ್ನೂ ಅಳೆದಿದ್ದೇವೆ. ಅದೂ ಗೋಲಿ, ಪ್ಲಾಸ್ಟಿಕ್ ಬೇಸಿನ್ ಮತ್ತು ಕಾಲೇಜಿನ ಹಳೆಯ ಸ್ಪೆಕ್ಟ್ರೋಫೋಟೋಮೀಟರ್‌ನಿಂದ (ದ್ರಾವಣದ ಬಣ್ಣದ ಗಾಢತೆ ಅಳೆಯುವ ಯಂತ್ರ).

ಮೊದಲ ವರ್ಷ ಹೈವಾಲ್ಯೂಮ್ ಸ್ಯಾಂಪ್ಲರ್ (ಗಾಳಿ ಎಳೆದು ಫಿಲ್ಟರ್‌ನಲ್ಲಿ ಧೂಳು ಹಿಡಿಯುವ ಯಂತ್ರ) ಬಾಡಿಗೆಗೆ ತಂದದ್ದು ತಪ್ಪಾಯಿತು. ಮಲೆನಾಡಿನಲ್ಲಿ ಗಾಳಿ ಎದ್ದ ದಿನವೇ ಕರೆಂಟ್ ಹೋಗುತ್ತದೆ. ನಮಗೆ ಬೇಕಾದ ದಿನವೂ ಅದೇ. ಗ್ಲಾಸ್ ಫೈಬರ್ ಫಿಲ್ಟರ್‌ನ ಬ್ಲಾಂಕ್‌ನಲ್ಲೇ (ಧೂಳು ತಾಗದ, ಹೋಲಿಕೆಗೆ ಇಟ್ಟ ಮಾದರಿ) ಕ್ಯಾಲ್ಸಿಯಂ, ಸೋಡಿಯಂ ಧಾರಾಳವಾಗಿದ್ದವು. ಹೆಚ್ಚುಕಡಿಮೆ 40 ಸಾವಿರ ರೂಪಾಯಿ ಹೋಯಿತು.

ಆಮೇಲೆ ಗೋಲಿಗೆ ಬಂದೆವು. ಅಮೆರಿಕದ ಮರುಭೂಮಿಗಳಲ್ಲಿ ಭೂವಿಜ್ಞಾನಿಗಳು 1980ರ ದಶಕದಿಂದ ಬಳಸುತ್ತಿರುವ ವಿಧಾನವಿದು. 30 ಸೆಂ.ಮೀ. ಬೇಸಿನ್, ಒಳಗೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ 16 ಮಿ.ಮೀ. ಗಾಜಿನ ಗೋಲಿ ಎರಡು ಪದರ. ಒಂದು ಬೇಸಿನ್‌ಗೆ ಸುಮಾರು 600 ಗೋಲಿ ಬೇಕು. ಕಂಬದ ಮೇಲೆ ಎರಡು ಮೀಟರ್ ಎತ್ತರದಲ್ಲಿ ಇಡಬೇಕು. ಇನ್ನೂ ಕೆಳಗಿಟ್ಟರೆ ನೆಲದಿಂದ ಚಿಮ್ಮುವ ಮಣ್ಣೇ ತುಂಬುತ್ತದೆ. ಒಂದಕ್ಕೆ ಎಲ್ಲ ಸೇರಿ 1,400 ರೂಪಾಯಿ ಬಿತ್ತು. ಮೂಡಿಗೆರೆ ಕಡೆಯ ಒಂದು ಗುಡ್ಡದ ನೆತ್ತಿಯಲ್ಲಿ ಆರು ಬೇಸಿನ್ ಇಟ್ಟೆವು. ಏಳನೆಯದು ಮುಚ್ಚಳ ಮುಚ್ಚಿದ ಬ್ಲಾಂಕ್. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲು ತಂದದ್ದು ಅಲ್ಯೂಮಿನಿಯಂ ಕೇಕ್ ತಟ್ಟೆ. ಧೂಳಿನ ಲೆಕ್ಕಕ್ಕೆ ಅಲ್ಯೂಮಿನಿಯಂನ್ನೇ ಆಧಾರವಾಗಿ ಹಿಡಿಯುವುದರಿಂದ ಇಡೀ ಬ್ಯಾಚ್ ಚೆಲ್ಲಬೇಕಾಯಿತು. ಎರಡನೆಯ ಬ್ಯಾಚ್ ಕೆಡಿಸಿದ್ದು ಪಾತ್ರೆ ತೊಳೆಯುವ ಪುಡಿ. ಅದರಲ್ಲಿದ್ದ ಫಾಸ್ಫೇಟ್ (ರಂಜಕದ ಲವಣ) ಗೋಲಿಗೆ ಅಂಟಿ, ರಂಜಕ ಇದ್ದರೆ ನೀಲಿಯಾಗುವ ಪರೀಕ್ಷೆಯಲ್ಲಿ ಬ್ಲಾಂಕೇ ನೀಲಿ ತಿರುಗಿತು. ಈಗ ಸೋಪು ಮುಟ್ಟಿಸುವುದಿಲ್ಲ. 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಐದು ಸಲ ಜಾಲಿಸುತ್ತೇವೆ.

ಹಕ್ಕಿಯ ಹಿಕ್ಕೆ ದೊಡ್ಡ ಶತ್ರು. ಒಂದು ಹನಿ ಬಿದ್ದರೂ ತಿಂಗಳ ಧೂಳಿಗಿಂತ ಹೆಚ್ಚು ರಂಜಕ ಸೇರುತ್ತದೆ. ಹಕ್ಕಿ ಕೂರದಂತೆ ಅಂಚಿಗೆ ನಾವು ಕಟ್ಟುವ ವ್ಯವಸ್ಥೆಯನ್ನು ಇಲ್ಲಿ ಬರೆಯುವುದಿಲ್ಲ. ಗುಡ್ಡಕ್ಕೆ ಬಂದವರಿಗೆ ತೋರಿಸುತ್ತೇವೆ.

ಹಿಕ್ಕೆ ತಪ್ಪಿದರೆ ಪರಾಗ. 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟರೆ ಸಾವಯವ ಭಾಗ ಹೋಗುತ್ತದೆಂದು ಸುಟ್ಟೆವು. ಹೋಯಿತು, ಆದರೆ ಪರಾಗದ ರಂಜಕ ಬೂದಿಯಲ್ಲೇ ಉಳಿಯಿತು. ಒಂದು ಇಡೀ ಬೇಸಿಗೆಯ ಅಂಕಿಗಳು ಇದರಿಂದಲೇ ಮೂರು ಪಟ್ಟು ಏರಿದ್ದವು. ಈಗ ಸುಡುವ ಮೊದಲೇ ಗೋಲಿ ತೊಳೆದ ನೀರನ್ನು 20 ಮೈಕ್ರಾನ್ ನೈಲಾನ್ ಬಟ್ಟೆಯಲ್ಲಿ ಸೋಸುತ್ತೇವೆ. ಬಹುಪಾಲು ಪರಾಗ ಮೇಲೆ ನಿಲ್ಲುತ್ತದೆ. ಕಡಲು ದಾಟಿ ಬಂದ ಧೂಳು ಹೆಚ್ಚಾಗಿ ಅದಕ್ಕಿಂತ ನಯ, ಕೆಳಗಿಳಿಯುತ್ತದೆ. ಧೂಳು ಬೇರ್ಪಡಿಸಿದ ಮೇಲೆ ಉಳಿಯುವ ನೀರನ್ನೂ ಚೆಲ್ಲಬೇಡಿ. ಕರಗಿದ ರಂಜಕ ಇರುವುದು ಅದರಲ್ಲೇ, ಗಿಡಕ್ಕೆ ಮೊದಲು ದಕ್ಕುವುದೂ ಅದೇ.

ದೂರದ್ದೋ ಊರಿನದ್ದೋ ಎಂದು ತಿಳಿಯುವುದು ಸುಣ್ಣದಿಂದ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಖನಿಜ) ಇಲ್ಲವೆನ್ನುವಷ್ಟು ಕಡಿಮೆ, ಅರೇಬಿಯಾದ ಧೂಳಿನಲ್ಲಿ ಧಾರಾಳ. ಗಾಜಿನ ಸ್ಲೈಡ್ ಮೇಲೆ ಚಿಟಿಕೆ ಧೂಳಿಟ್ಟು ಆಮ್ಲದ ಒಂದು ಹನಿ ಬಿಟ್ಟು ಲೆನ್ಸ್‌ನಲ್ಲಿ ನೋಡಿ. ಕೆಮ್ಮಣ್ಣು ಸುಮ್ಮನೆ ಒದ್ದೆಯಾಗುತ್ತದೆ. ಗಂಧದ ಬಣ್ಣದ ಧೂಳಾದರೆ ಕಣಕಣದ ಸುತ್ತ ಸೂಜಿಮೊನೆಯಂಥ ಗುಳ್ಳೆ ಏಳುತ್ತದೆ. ಕಡಲಿನ ಉಪ್ಪಿನ ಪಾಲು ಕಳೆಯಲು ಸೋಡಿಯಂನ್ನು 0.038ರಿಂದ ಗುಣಿಸಿ ಕ್ಯಾಲ್ಸಿಯಂನಿಂದ ತೆಗೆಯಬೇಕು.

ಆದರೆ ತೋಟಕ್ಕೆ ಎರಚಿದ ಸುಣ್ಣವೂ ಗುಳ್ಳೆ ಏಳಿಸುತ್ತದೆ, ಬೋರ್ಡೋ ಸಿಂಪಡಣೆಯ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಸುಣ್ಣವೂ ಏಳಿಸುತ್ತದೆ. ಎರಡನೆಯ ವರ್ಷ ನಮ್ಮನ್ನು ಹಳ್ಳಕ್ಕೆ ಕೆಡವಿದ್ದು ಇದೇ. ಈಗ ಪ್ರತಿ ಸ್ಯಾಂಪಲ್‌ನಲ್ಲೂ ತಾಮ್ರ ನೋಡುತ್ತೇವೆ. ತಾಮ್ರ ಎದ್ದು ಕಂಡರೆ ಅದು ಸಿಂಪಡಣೆಯ ಮೈಲುತುತ್ತದ್ದು, ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ. ತೋಟಕ್ಕೆ ಸುಣ್ಣ ಹಾಕುವ ವಾರ ಬೇಸಿನ್ ಮುಚ್ಚಿಬಿಡುತ್ತೇವೆ.

ಹದಿನೈದು ದಿನಕ್ಕೊಮ್ಮೆ ಬೇಸಿನ್ ಬದಲಿಸುವುದನ್ನು ಬಿಟ್ಟದ್ದೇ ಗೆಲುವು. ಹೈಸ್ಪ್ಲಿಟ್ ಎಂಬ ಗಾಳಿಯ ದಾರಿ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಯಲ್ಲಿ ಹಿಂದಿನ ಐದು ದಿನದ ದಾರಿ, ಉಪಗ್ರಹ ಚಿತ್ರದಲ್ಲಿ ಕಡಲ ಮೇಲಿನ ಮಬ್ಬು, ಎರಡೂ ಹೊಂದಿದಾಗ ಮಾತ್ರ ಹೊಸ ಬೇಸಿನ್ ಇಟ್ಟು ಮೂರನೆಯ ದಿನ ಇಳಿಸುತ್ತೇವೆ. ಒಳ್ಳೆಯ ಒಂದು ಧೂಳಿನ ಅಲೆಯಲ್ಲಿ ಬೇಸಿನ್‌ಗೆ 10 ಮಿ.ಗ್ರಾಂ ಆಸುಪಾಸು ಸಿಕ್ಕಿತು. ಅಂದರೆ ಹೆಕ್ಟೇರ್‌ಗೆ 1.4 ಕಿಲೋ ಧೂಳು, ಅದರಲ್ಲಿ ಗ್ರಾಂನಷ್ಟು ರಂಜಕ. ಆರೂ ಬೇಸಿನ್‌ಗಳದ್ದನ್ನು ಸೇರಿಸಿ ಆಮ್ಲದಲ್ಲಿ ಅರಗಿಸಿ 50 ಮಿ.ಲೀ.ಗೆ ತಂದರೆ ಮಾಲಿಬ್ಡಿನಂ ನೀಲಿ (ರಂಜಕದೊಂದಿಗೆ ಮೂಡುವ ಬಣ್ಣ) ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 880 ನ್ಯಾನೋಮೀಟರ್ ಬೆಳಕಿಗೆ ನಿಚ್ಚಳವಾಗಿ ಓದುತ್ತದೆ. ಗ್ರಾಂ ಎಂದರೆ ಕಡಿಮೆ ಎನ್ನುವವರಿಗೆ ಒಂದು ಹೋಲಿಕೆ: 2015ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನದಂತೆ ಸಹಾರಾದ ಧೂಳು ಅಮೆಜಾನ್ ಕಾಡಿಗೆ ವರ್ಷಕ್ಕೆ 22 ಸಾವಿರ ಟನ್ ರಂಜಕ ಒಯ್ಯುತ್ತದೆ. ಹೆಕ್ಟೇರ್‌ಗೆ ಹಂಚಿದರೆ ಅದೂ 23 ಗ್ರಾಂ ಮಾತ್ರ.

ನಡುವೆ ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಮೊದಲ ಅರ್ಧ ಲೀಟರ್ ಹಿಡಿದು ಪಿಎಚ್ ನೋಡಿದೆವು. ಮಾಮೂಲಿ ಮಳೆ 5.6ರ ಹತ್ತಿರ, ಧೂಳಿನ ಅಲೆಯ ಬೆನ್ನಿಗೆ ಬಂದ ಮಳೆ 7 ದಾಟಿತ್ತು. ಮೀಟರ್ ಇದ್ದವರು ಇದೊಂದನ್ನಾದರೂ ಮಾಡಿ ನೋಡಿ, ಖರ್ಚಿಲ್ಲ.

ಜೂನ್‌ಗೆ ಬೇಸಿನ್ ಇಳಿಸುತ್ತೇವೆ. ಅರಬ್ಬಿ ಸಮುದ್ರದ ಮೇಲೆ ಧೂಳು ಅತಿ ಹೆಚ್ಚಿರುವುದು ಜೂನ್-ಜುಲೈಯಲ್ಲೇ, ಆದರೆ ಘಟ್ಟದ ಮಳೆಯಲ್ಲಿ ಗೋಲಿ ನಿಲ್ಲದು. ಮಳೆಬಾಟಲಿ ಇಟ್ಟು ನೋಡಿದೆವು. ವಾರದಲ್ಲಿ ಪಾಚಿ ಕಟ್ಟಿ ಇದ್ದ ಫಾಸ್ಫೇಟನ್ನು ಅದೇ ತಿಂದಿತು. ಈ ಸಲ ಬಾಟಲಿಗೆ ಕಪ್ಪು ಬಟ್ಟೆ ಸುತ್ತಿ, ಪಾಚಿ ಬೆಳೆಯದಂತೆ ತಳಕ್ಕೆ ಥೈಮಾಲ್ ಹಾಕಿ ಇಡುತ್ತಿದ್ದೇವೆ.