ಬಂದದ್ದು 264 ಬೈಟ್, ಓದಿದ್ದು ಅದರಾಚೆಗೂ

ನಾವು ಮಾಡುವ ಡಬ್ಬಿಗೆ ಒಂದೇ ಕೆಲಸ. ಕ್ಯಾಮೆರಾಗಳ ರೆಕಾರ್ಡಿಂಗ್ ತೆಗೆದುಕೊಂಡು ಗ್ರಾಹಕರ ವಿಂಡೋಸ್ ಅಥವಾ ಸಾಂಬಾ ಶೇರ್‌ಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ಗೆ) ಹಾಕುವುದು. ಒಳಗಿರುವುದು 32 ಬಿಟ್ ಆರ್ಮ್ ಚಿಪ್, ಲಿನಕ್ಸ್ 5.10 ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಬೋರ್ಡ್ ಮಾಡಿಕೊಟ್ಟವರು ಕರ್ನಲ್ಲನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. ಹೊಸದಕ್ಕೆ ಹೋಗೋಣ ಅಂದರೆ ಅವರ ಡ್ರೈವರ್‌ಗಳು ಜೊತೆಗೆ ಬರುವುದಿಲ್ಲ. ಹಾಗಾಗಿ ಸೆಕ್ಯುರಿಟಿ ಪ್ಯಾಚ್‌ಗಳನ್ನು ಹೊಸ ಕರ್ನಲ್‌ನಿಂದ ಹಳೆಯದಕ್ಕೆ ನಾವೇ ತರಬೇಕು.

ಹಾಗೆ ನನ್ನ ಪಾಲಿಗೆ ಬಂದದ್ದು ಸಿವಿಇ-2023-52434. ಸಿವಿಇ ಅಂದರೆ ಬಹಿರಂಗವಾದ ಸೆಕ್ಯುರಿಟಿ ಬಗ್‌ಗೆ ಕೊಡುವ ನಂಬರ್. ಇಂಥ ಶೇರ್‌ಗಳ ಜೊತೆ ಮಾತಾಡುವ ಪ್ರೋಟೋಕಾಲ್ ಎಸ್‌ಎಂಬಿ, ಅದರ ಕ್ಲೈಂಟ್‌ನ ಬಗ್ ಅದು. ಮೂಲ ಕರ್ನಲ್‌ನಲ್ಲಿ 2023ರ ಡಿಸೆಂಬರ್‌ನಲ್ಲೇ, 6.7 ತಯಾರಾಗುತ್ತಿದ್ದಾಗ ಸರಿಯಾಗಿತ್ತು. ಕರ್ನಲ್ ತಂಡ ತಾನೇ ಸಿವಿಇ ನಂಬರ್ ಕೊಡಲು ಶುರುಮಾಡಿದ್ದು 2024ರ ಫೆಬ್ರವರಿಯಲ್ಲಿ, ಇದಕ್ಕೂ ಆಗಲೇ ನಂಬರ್ ಬಿತ್ತು. ಆಮೇಲೆ ನಂಬರ್‌ಗಳದ್ದೇ ಮಳೆ. ಅದರಲ್ಲಿ ಎಷ್ಟೋ ನಮ್ಮ ಡಬ್ಬಿಗೆ ಸಂಬಂಧವೇ ಇಲ್ಲದವು. ಇದು ಹಾಗಲ್ಲ. ನಮ್ಮ ಡಬ್ಬಿ ಯಾರದೋ ಸರ್ವರ್‌ಗೆ ದಿನವಿಡೀ ಮಾತಾಡುತ್ತಿರುತ್ತದೆ, ಆ ಸರ್ವರ್ ಹೇಳಿದ್ದನ್ನೆಲ್ಲ ನಂಬುವ ಬಗ್ ಇದು.

ಎಸ್‌ಎಂಬಿಯಲ್ಲಿ ಫೈಲ್ ತೆರೆಯಲು ಕಳಿಸುವ ಕಮಾಂಡ್‌ಗೆ ಕ್ರಿಯೇಟ್ ಅಂತ ಹೆಸರು, ಫೈಲ್ ಮೊದಲೇ ಇದ್ದರೂ ಅಷ್ಟೇ. ಸರ್ವರ್ ಕಳಿಸುವ ಉತ್ತರದಲ್ಲಿ 64 ಬೈಟ್ ಹೆಡರ್, ಆಮೇಲೆ 88 ಬೈಟ್ ಖಾಯಂ ಭಾಗ. ಒಟ್ಟು 152. ಅದರ ಬೆನ್ನಿಗೆ ಕಾಂಟೆಕ್ಸ್ಟ್‌ಗಳ ಸರಪಳಿ: ಲೀಸ್ (ಫೈಲನ್ನು ಕ್ಲೈಂಟ್ ತನ್ನಲ್ಲೇ ಕ್ಯಾಶ್ ಮಾಡಿಕೊಳ್ಳುವ ಅನುಮತಿ) ಸಿಕ್ಕಿತಾ, ಡಿಸ್ಕ್ ಮೇಲೆ ಫೈಲ್‌ನ ಐಡಿ ಏನು, ಇಂಥವು. ಪ್ರತಿ ಕಾಂಟೆಕ್ಸ್ಟ್‌ನ ಮೊದಲ 4 ಬೈಟ್‌ನಲ್ಲಿ 'ನೆಕ್ಸ್ಟ್' ಇರುತ್ತದೆ, ಮುಂದಿನದು ಇಲ್ಲಿಂದ ಎಷ್ಟು ದೂರ ಅಂತ. ಈ ಸರಪಳಿ ಓದುವ ಫಂಕ್ಷನ್ ಎಸ್‌ಎಂಬಿ2_ಪಾರ್ಸ್_ಕಾಂಟೆಕ್ಸ್ಟ್ಸ್.

ಹಳೆಯ ಕೋಡ್ ತೆರೆದು ನೋಡಿದರೆ, ಈ ಫಂಕ್ಷನ್‌ಗೆ ಉತ್ತರದ ಪಾಯಿಂಟರ್ (ಮೆಮೊರಿಯಲ್ಲಿ ಅದು ಶುರುವಾಗುವ ವಿಳಾಸ) ಕೊಡುತ್ತಾರೆ, ಉದ್ದ ಕೊಡುವುದೇ ಇಲ್ಲ! ಎಷ್ಟು ಬೈಟ್ ಬಂದಿದೆ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಪ್ಯಾಕೆಟ್ ಒಳಗೆ ಸರ್ವರ್ ಬರೆದ ಆಫ್‌ಸೆಟ್ (ಸರಪಳಿ ಎಷ್ಟು ದೂರದಲ್ಲಿ ಶುರು ಅನ್ನುವುದು) ಕೂಡಿಸಿಕೊಂಡು ಹೋಗುತ್ತದೆ, ಸರ್ವರ್ ಬರೆದ ಉದ್ದವನ್ನೇ 'ಉಳಿದದ್ದು' ಅಂತ ಇಟ್ಟುಕೊಳ್ಳುತ್ತದೆ, ಲೂಪ್‌ನಲ್ಲಿ ಅದರಿಂದ ನೆಕ್ಸ್ಟ್ ಕಳೆಯುತ್ತದೆ. ಆ 'ಉಳಿದದ್ದು' ಅನ್‌ಸೈನ್ಡ್ ಇಂಟ್, ಅಂದರೆ ಮೈನಸ್ ಇಟ್ಟುಕೊಳ್ಳಲಾಗದ 32 ಬಿಟ್ ಸಂಖ್ಯೆ. ಉಳಿದಿರುವುದು 112, ನೆಕ್ಸ್ಟ್ 296 ಅಂದರೆ ಮೈನಸ್ ಆಗುವುದಿಲ್ಲ, 4294967112 ಆಗುತ್ತದೆ. ಇನ್ನೂ ನಾನೂರು ಕೋಟಿ ಬೈಟ್ ಬಾಕಿ ಇದೆ ಅಂದುಕೊಂಡು ಲೂಪ್ ಮುಂದೆ ಹೋಗುತ್ತದೆ.

"ಇದೆಲ್ಲ ಮೊದಲೇ ಚೆಕ್ ಆಗಿರುತ್ತಲ್ವಾ ಗುರು?" ಅಂದ ಪಕ್ಕದ ಸೀಟಿನವನು. ನ್ಯಾಯವಾದ ಪ್ರಶ್ನೆಯೇ. ಪ್ಯಾಕೆಟ್ ಬಂದ ಕೂಡಲೇ ಇನ್ನೊಂದು ಕಡೆ ಉದ್ದದ ಪರೀಕ್ಷೆ ನಡೆಯುತ್ತದೆ. ಆಫ್‌ಸೆಟ್ 4096 ದಾಟಿದರೆ 'ಡೇಟಾ ಭಾಗವನ್ನು ಕಡೆಗಣಿಸಿದೆ' ಅಂತ ಲಾಗ್ ಬರೆದು ಎರಡನ್ನೂ ಸೊನ್ನೆ ಮಾಡುತ್ತಾರೆ, ಉದ್ದ 128 ಕೆಬಿ ದಾಟಿದರೆ ಉದ್ದವನ್ನು ಮಾತ್ರ. ಆದರೆ ಸೊನ್ನೆಯಾಗುವುದು ಅಲ್ಲಿನ ಲೋಕಲ್ ವೇರಿಯಬಲ್‌ಗಳು ಮಾತ್ರ. ಪ್ಯಾಕೆಟ್‌ನಲ್ಲಿ ಹಳೆಯ ಸಂಖ್ಯೆಯೇ ಕೂತಿರುತ್ತದೆ. ನಮ್ಮ ಫಂಕ್ಷನ್ ನೇರ ಪ್ಯಾಕೆಟ್‌ಗೇ ಹೋಗಿ ಅದನ್ನೇ ಮತ್ತೆ ಓದುತ್ತದೆ. ಇನ್ನು ನೆಕ್ಸ್ಟ್ ಅನ್ನಂತೂ ಅಲ್ಲಿ ಯಾರೂ ಮುಟ್ಟುವುದೇ ಇಲ್ಲ. ಈ ಜಾತಿಯ ಬಗ್ ಹುಡುಕುವಾಗ 'ಚೆಕ್ ಇದೆಯಾ' ಅಂತ ಸುಮ್ನೆ ಕೇಳಿದರೆ ಪ್ರಯೋಜನವಿಲ್ಲ, ಚೆಕ್ ಆದ ಸಂಖ್ಯೆಯನ್ನೇ ಬಳಸುತ್ತಿದ್ದಾರಾ ಅಂತ ನೋಡಬೇಕು.

ಪ್ಯಾಚ್ ಹಾಕುವ ಮೊದಲು ಬಗ್ ಕಣ್ಣಿಗೆ ಕಾಣಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಮೆಮೊರಿ ತಪ್ಪು ಹಿಡಿಯುವ ಕಾಸಾನ್ 32 ಬಿಟ್ ಆರ್ಮ್‌ಗೆ ಬಂದದ್ದೇ 5.11ರಲ್ಲಿ. ಒಂದು ವರ್ಷನ್‌ನಲ್ಲಿ ತಪ್ಪಿಹೋಯಿತು. ಅದಕ್ಕೇ ಅದೇ ಕೋಡನ್ನು ಎಕ್ಸ್86-64ಗೆ ಬಿಲ್ಡ್ ಮಾಡಿ ಕ್ಯೂಎಮು ಅನ್ನುವ ವರ್ಚುವಲ್ ಯಂತ್ರದಲ್ಲಿ ಓಡಿಸಿದೆ. ಪೂರ್ತಿ ಸುಳ್ಳು ಸರ್ವರ್ ಬರೆಯುವ ಗೋಜಿಗೆ ಹೋಗಲಿಲ್ಲ. ನಿಜವಾದ ಸಾಂಬಾ ಮುಂದೆ ನಡುವೆ ನಿಂತು ಪ್ಯಾಕೆಟ್ ದಾಟಿಸುವ ಚಿಕ್ಕ ಪ್ರಾಕ್ಸಿಯನ್ನು ಪೈಥಾನ್‌ನಲ್ಲಿ ಬರೆದು ಕೂರಿಸಿದೆ. ಹೆಡರ್‌ನ 12ನೇ ಬೈಟ್‌ನಲ್ಲಿ ಕಮಾಂಡ್ ನಂಬರ್ ಇರುತ್ತದೆ, ಕ್ರಿಯೇಟ್ ಅಂದರೆ 5. ಅಂಥ ಉತ್ತರ ಬಂದರೆ ನೆಕ್ಸ್ಟ್ ತಿದ್ದಿ ಕಳಿಸುವುದು, ಅಷ್ಟೇ. ಮೌಂಟ್ ಮಾಡುವಾಗ ಎಸ್‌ಎಂಬಿ 2.1 ವರ್ಷನ್, ಸೈನಿಂಗ್ (ಪ್ಯಾಕೆಟ್ ದಾರಿಯಲ್ಲಿ ಬದಲಾಗಿಲ್ಲ ಅನ್ನುವ ಸಹಿ) ಇಲ್ಲದೆ. ಸೈನಿಂಗ್ ಇದ್ದರೆ ತಿದ್ದಿದ ಪ್ಯಾಕೆಟ್ ಬಾಗಿಲಲ್ಲೇ ತಿರಸ್ಕಾರವಾಗುತ್ತದೆ. ಆದರೆ ಸರ್ವರೇ ಕೆಟ್ಟದ್ದಾದರೆ ಸೈನಿಂಗ್ ಏನೂ ಕಾಪಾಡುವುದಿಲ್ಲ ಅನ್ನುವುದು ಬೇರೆ ಮಾತು.

ಸಾಂಬಾ ಕೊಟ್ಟ ಉತ್ತರದಲ್ಲಿ 56 ಬೈಟ್‌ನ ಎರಡು ಕಾಂಟೆಕ್ಸ್ಟ್. ಒಟ್ಟು 264 ಬೈಟ್. ಇಷ್ಟು ಚಿಕ್ಕದನ್ನು ಕ್ಲೈಂಟ್ ತನ್ನ 448 ಬೈಟ್‌ನ ಸಣ್ಣ ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ನೆಕ್ಸ್ಟ್‌ನಲ್ಲಿದ್ದ 56 ತೆಗೆದು 296 ಬರೆದೆ. 152 ಮತ್ತು 296 ಸೇರಿದರೆ ಸರಿಯಾಗಿ 448, ಬಫರ್ ಮುಗಿಯುವ ಜಾಗ. ಕ್ಯಾಟ್ ಕಮಾಂಡ್ ಕೊಟ್ಟು ಒಂದು ಫೈಲ್ ತೆರೆದೆ. ಕಾಸಾನ್ ಕೂಡಲೇ ಕೂಗಿಕೊಂಡಿತು: ಸ್ಲ್ಯಾಬ್ ಔಟ್ ಆಫ್ ಬೌಂಡ್ಸ್ (ಕೊಟ್ಟ ಮೆಮೊರಿಯ ಆಚೆ ಮುಟ್ಟಿದೆ), 2 ಬೈಟ್ ಓದು, ಅದೇ ಫಂಕ್ಷನ್.

ಆಮೇಲೆ 296ರ ಬದಲು 160 ಹಾಕಿದೆ. ಪಾಯಿಂಟರ್ ಬಿದ್ದದ್ದು 312ಕ್ಕೆ. ಬಂದ 264 ಬೈಟ್‌ನ ಆಚೆ, ಆದರೆ 448ರ ಒಳಗೆ. ಕಾಸಾನ್ ತುಟಿ ಬಿಚ್ಚಲಿಲ್ಲ. ಅದರ ದೃಷ್ಟಿಯಲ್ಲಿ ಬಫರ್ ಪೂರ್ತಿ ನಮ್ಮದೇ. ಆದರೆ ಅಲ್ಲಿರುವುದು ಹಿಂದಿನ ಯಾವುದೋ ಉತ್ತರದ ಚೂರುಪಾರು. ಅದನ್ನೇ ಕಾಂಟೆಕ್ಸ್ಟ್ ಅಂದುಕೊಂಡು ಕ್ಲೈಂಟ್ ಓದುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆ ಅಂದರೆ ಬಫರ್ ಅಲ್ಲ, ಬಂದ ಉತ್ತರ.

ಇದನ್ನು ಹಿಡಿಯಲು ಡಿಬಗ್ ಬಿಲ್ಡ್‌ನಲ್ಲಿ ಒಂದು ಉಪಾಯ ಮಾಡಿದೆ. ಪಾರ್ಸ್ ಮಾಡುವ ಮೊದಲು ಬಂದಷ್ಟೇ ಬೈಟ್‌ಗಳನ್ನು ಕೆಮೆಮ್‌ಡಪ್‌ನಿಂದ ನಕಲು ಮಾಡಿ, ಆ ನಕಲನ್ನು ಫಂಕ್ಷನ್‌ಗೆ ಕೊಡುವುದು. ಈಗ 264ರ ಆಚೆ ಒಂದು ಬೈಟ್ ಮುಟ್ಟಿದರೂ ಕಾಸಾನ್‌ಗೆ ಸಿಕ್ಕಿಬೀಳುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಪ್ಯಾಚ್ ತಾನಾಗಿ ಕೂರಲಿಲ್ಲ. 2023ರಲ್ಲಿ ಈ ಫೋಲ್ಡರ್ ಎಫ್‌ಎಸ್/ಸಿಐಎಫ್‌ಎಸ್‌ನಿಂದ ಎಫ್‌ಎಸ್/ಎಸ್‌ಎಂಬಿ/ಕ್ಲೈಂಟ್‌ಗೆ ಹೋಗಿದೆ, ಕರೆಯುವ ಜಾಗಗಳೂ ಬದಲಾಗಿವೆ. ಕೈಯಲ್ಲೇ ಬರೆದೆ. ಪಾಯಿಂಟರ್ ಬದಲು ಉದ್ದವೂ ಇರುವ ಐಒವಿ ಕೊಟ್ಟೆ. ಸುಮ್ಮನೆ ವಾಪಸ್ ಬರುತ್ತಿದ್ದ ಫಂಕ್ಷನ್ ಈಗ ಎರರ್ ಕೊಡುತ್ತದೆ. ಆಫ್‌ಸೆಟ್ ಮತ್ತು ಉದ್ದ ಸೇರಿ ಬಂದ ಬೈಟ್ ದಾಟಬಾರದು. ಪ್ರತಿ ಕಾಂಟೆಕ್ಸ್ಟ್‌ನ ಹೆಸರು, ಡೇಟಾ ಎರಡೂ ಉಳಿದದ್ದರೊಳಗೆ ಇರಬೇಕು. ನೆಕ್ಸ್ಟ್ ಕಳೆಯುವುದು ಚೆಕ್_ಸಬ್_ಓವರ್‌ಫ್ಲೋ ಮೂಲಕವೇ, ಸೊನ್ನೆಗಿಂತ ಕೆಳಗಿಳಿದರೆ ಅದು ಹೇಳುತ್ತದೆ.

64 ಬಿಟ್‌ನಲ್ಲಿ ಎರಡು 32 ಬಿಟ್ ಸಂಖ್ಯೆ ಕೂಡಿಸಿದರೆ ಸೈಜ್_ಟಿ (ಉದ್ದಗಳನ್ನು ಇಡುವ ಟೈಪ್) ಎಂದೂ ಉಕ್ಕುವುದಿಲ್ಲ. ನಮ್ಮ ಬೋರ್ಡ್‌ನಲ್ಲಿ ಅದೂ 32 ಬಿಟ್ಟೇ, ಉಕ್ಕುತ್ತದೆ. ಆಫ್‌ಸೆಟ್ 4294967040, ಉದ್ದ 512 ಕಳಿಸಿ ನೋಡಿ. ಮೊತ್ತ ಬರುವುದು 256! 264ಕ್ಕಿಂತ ಕಡಿಮೆ, ಸಾಧಾರಣ ಹೋಲಿಕೆಯಲ್ಲಿ ಪಾಸ್. ಪಾಯಿಂಟರ್ ಮಾತ್ರ ಬಫರ್‌ಗಿಂತ 256 ಬೈಟ್ ಹಿಂದೆ ಹೋಗಿ ನಿಲ್ಲುತ್ತದೆ. ಚೆಕ್_ಆಡ್_ಓವರ್‌ಫ್ಲೋ ಇರುವುದೇ ಇದಕ್ಕೆ. ಈ ಪರೀಕ್ಷೆಯನ್ನು ಡಬ್ಬಿಯ ಮೇಲೆಯೇ ಮಾಡಿದೆ. 5.10ರ ಈ ಮ್ಯಾಕ್ರೋಗೆ ಮೂರೂ ವೇರಿಯಬಲ್ ಒಂದೇ ಟೈಪ್ ಆಗಿರಬೇಕು, ಇಲ್ಲದಿದ್ದರೆ ಕಂಪೈಲರ್ ಗೊಣಗುತ್ತದೆ. ಎಲ್ಲವನ್ನೂ ಸೈಜ್_ಟಿ ಮಾಡಿದೆ.

ನಕಲು ಉಪಾಯದಿಂದ ಇನ್ನೊಂದು ಸಿಕ್ಕಿತು. ಕೊನೆಯ ಲೀಸ್ ಕಾಂಟೆಕ್ಸ್ಟ್‌ನಲ್ಲಿ ಡೇಟಾ ಉದ್ದ ಸೊನ್ನೆ ಅಂತ ಬರೆದು ಕಳಿಸಿದರೆ ಮೇಲಿನ ಚೆಕ್‌ಗಳೆಲ್ಲ ಪಾಸ್. ಲೀಸ್ ಓದುವ ಫಂಕ್ಷನ್ ಮಾತ್ರ ತನಗೆ ಬೇಕಾದ 32 ಬೈಟ್ ಇದ್ದೇ ಇದೆ ಅಂದುಕೊಳ್ಳುತ್ತದೆ. ಅದಕ್ಕೆ ಕೊಡುವ ಮೊದಲು ಅಷ್ಟು ಉಳಿದಿದೆಯಾ ಅಂತ ನಮ್ಮ ಟ್ರೀಯಲ್ಲಿ ಒಂದು ಚೆಕ್ ಸೇರಿಸಿದೆ.

ರಿವ್ಯೂನಲ್ಲಿ ಒಂದೇ ಜಗ್ಗಾಟ. ನಾವು ಎರರ್ ಕೊಟ್ಟು ಹಿಂದೆ ಸರಿದಾಗ ಸರ್ವರ್ ಆ ಫೈಲನ್ನು ತೆರೆದೇ ಇಟ್ಟಿರುತ್ತದೆ, ಕ್ಲೋಸ್ ಕಳಿಸಬೇಡವಾ? ಸುಳ್ಳು ಉತ್ತರ ಕೊಟ್ಟ ಸರ್ವರ್‌ನ ಹ್ಯಾಂಡಲ್ ಸೋರಿದರೆ ಅದು ಅದರ ಪಾಡು ಅನ್ನುವುದು ನನ್ನ ವಾದ. ಹಾಗೆಯೇ ಬಿಟ್ಟೆವು. ಈಗ ಡೈರೆಕ್ಟರಿ ಪಟ್ಟಿಯ ಉತ್ತರಕ್ಕೆ ಅದೇ ಪ್ರಾಕ್ಸಿ, ಅದೇ ನಕಲು ಹಾಕಿ ಕೂತಿದ್ದೇನೆ. ಅಲ್ಲೂ ಮುಂದಿನ ಎಂಟ್ರಿ ಎಷ್ಟು ದೂರ ಅಂತ ಹೇಳುವವನು ಸರ್ವರೇ.