ನಾಯಿಯ ಜಾಡು ಹಿಡಿದು ಬರೆದ ತೋಟದ ನಕ್ಷೆ

ನಾಯಿ ಸಾಕಿದವರು ಕೈತೋಟ ಮಾಡಲು ಹೊರಟಾಗ ಮೊದಲು ಗಿಡಗಳ ಪಟ್ಟಿ ಬರೆಯುತ್ತಾರೆ. ನಾನು ಆ ಪಟ್ಟಿಯನ್ನು ಕೊನೆಗಿಟ್ಟೆ. ಖಾಲಿ ಹಿತ್ತಿಲಿನಲ್ಲಿ ನನ್ನ ಎರಡು ನಾಯಿಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಎಲ್ಲಿ ಓಡುತ್ತವೆ, ಮಧ್ಯಾಹ್ನ ಎಲ್ಲಿ ಮಲಗುತ್ತವೆ, ಯಾವ ಮೂಲೆಯ ಮಣ್ಣನ್ನು ಕೆದರುತ್ತವೆ, ಬೇಲಿಯ ಯಾವ ಸಂದಿಗೆ ಮೂಗು ತೂರಿಸುತ್ತವೆ ಎಂಬುದನ್ನೆಲ್ಲ ಒಂದು ಹಾಳೆಯ ಮೇಲೆ ಗುರುತು ಹಾಕುತ್ತಾ ಬಂದೆ. ನೆಲದ ಮೇಲೂ ಜಾಡು ಮೂಡಿತು: ಬೇಲಿಯುದ್ದಕ್ಕೂ ಒಂದು, ಹಿಂಬಾಗಿಲಿನಿಂದ ಗೇಟಿಗೆ ಅಡ್ಡಲಾಗಿ ಇನ್ನೊಂದು. ಆ ಹಾಳೆಯೇ ತೋಟದ ನಕ್ಷೆಯಾಯಿತು. ನಾಯಿ ಹಾಕಿಕೊಂಡ ದಾರಿಯನ್ನು ಗಿಡ ನೆಟ್ಟು ಮುಚ್ಚಲು ಹೋದರೆ ಸೋಲುವುದು ಗಿಡವೇ.

ಬೇಲಿಗೆ ಅಂಟಿಕೊಂಡಂತೆ ಹೂವಿನ ಪಾತಿ ಮಾಡುವುದು ವಾಡಿಕೆ. ಆದರೆ ತನ್ನ ಗಡಿಯನ್ನು ಸುತ್ತಿ ನೋಡುವುದು ನಾಯಿಯ ಹುಟ್ಟುಗುಣ. ಹಾಗಾಗಿ ಬೇಲಿಗೂ ಪಾತಿಗೂ ನಡುವೆ ಎರಡೂವರೆ ಅಡಿ ಜಾಗ ಬಿಟ್ಟೆ. ಮನೆಯ ಕಡೆಯಿಂದ ನೋಡುವವರಿಗೆ ಪೊದೆಗಳು ಮಾತ್ರ ಕಾಣುತ್ತವೆ, ಅವುಗಳ ಹಿಂದೆ ನಾಯಿಗಳ ಗಸ್ತು ನಡೆಯುತ್ತಿರುತ್ತದೆ. ಚಿಕ್ಕ ನಾಯಿಗೆ ಬೇಲಿಯ ಬುಡ ತೋಡುವ ಅಭ್ಯಾಸ. ಅಲ್ಲಿ ತಂತಿಬಲೆಯನ್ನು ‘ಎಲ್’ ಆಕಾರಕ್ಕೆ ಬಗ್ಗಿಸಿ, ಒಂದು ಅಡಿಯಷ್ಟು ಒಳಮುಖವಾಗಿ ಚಾಚಿ ಮಣ್ಣಿನಲ್ಲಿ ಹೂತೆ. ತೋಡಿದಲ್ಲೆಲ್ಲ ಉಗುರಿಗೆ ಬಲೆ ತಾಗುವುದರಿಂದ ಅದು ತಾನಾಗಿಯೇ ಆಸಕ್ತಿ ಕಳೆದುಕೊಂಡಿತು.

ಹಾಗೆಂದು ತೋಡುವುದನ್ನೇ ಬಿಡಿಸಲಾಗದು, ಬಿಡಿಸಲೂಬಾರದು. ಈ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ನೆಲ ಕೆದರುವ ನಾಯಿಗೆ ಅದರದೇ ಗುಂಡಿ ಕೊಡಬೇಕು. ನೆರಳಿರುವ ಮೂಲೆಯಲ್ಲಿ ಐದಡಿ ಉದ್ದ, ನಾಲ್ಕಡಿ ಅಗಲಕ್ಕೆ ಮರದ ಚೌಕಟ್ಟು ಕೂರಿಸಿ, ಎರಡಡಿ ಆಳಕ್ಕೆ ಮರಳು ತುಂಬಿಸಿದೆ. ನೀರು ನಿಲ್ಲದಿರಲಿ ಎಂದು ತಳದಲ್ಲಿ ಜಲ್ಲಿ ಹಾಕಿದೆ. ಮೊದಮೊದಲು ಆಟಿಕೆಗಳನ್ನು ಅರ್ಧ ಮಾತ್ರ ಹೂತು, ಹುಡುಕಿ ತೆಗೆದಾಗಲೆಲ್ಲ ಮೆಚ್ಚುಗೆ ತೋರಿಸಿದೆ. ಆಮೇಲೆ ಆಳಕ್ಕೆ ಹೂತೆ. ಪಾತಿಯಲ್ಲಿ ತೋಡಲು ಶುರುಮಾಡಿದರೆ ಗದರದೆ ಗುಂಡಿಯ ಬಳಿಗೆ ಕರೆದೊಯ್ಯುತ್ತಿದ್ದೆ. ಹೀಗೆ ಪಾತಿಗಳು ಉಳಿದವು. ಅಂದ ಹಾಗೆ, ಆಟಿಕೆಗಳನ್ನು ನೀಲಿ ಬಣ್ಣದವನ್ನೇ ಆರಿಸುತ್ತೇನೆ. ನಾಯಿಯ ಕಣ್ಣು ನೀಲಿ ಮತ್ತು ಹಳದಿಯನ್ನು ಚೆನ್ನಾಗಿ ಗುರುತಿಸುತ್ತದೆ. ಹಸಿರು ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ಅದಕ್ಕೆ ಎದ್ದು ಕಾಣುವುದಿಲ್ಲ.

ಹುಲ್ಲುಹಾಸಿನ ಮೇಲಿನ ಕಂದು ಕಲೆಗಳ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಮೂತ್ರ ಆಮ್ಲೀಯವಾಗಿರುವುದರಿಂದ ಹುಲ್ಲು ಸುಡುತ್ತದೆ ಎನ್ನುತ್ತಾರೆ. ನಿಜವಾದ ಕಾರಣ ಸಾರಜನಕ ಮತ್ತು ಲವಣಗಳು, ಅಂದರೆ ಒಂದೇ ಜಾಗಕ್ಕೆ ಅತಿಯಾಗಿ ಬಿದ್ದ ಗೊಬ್ಬರದ ಪರಿಣಾಮ. ಕಲೆಯ ಅಂಚಿನಲ್ಲಿ ಹುಲ್ಲು ಕಡುಹಸಿರಾಗಿ ಬೆಳೆದಿರುವುದನ್ನು ಗಮನಿಸಿ: ಅಲ್ಲಿಗೆ ತಲುಪಿದ ಪ್ರಮಾಣ ಹಿತಮಿತವಾಗಿತ್ತು. ಕುಳಿತು ಮೂತ್ರ ಮಾಡುವ ಹೆಣ್ಣುನಾಯಿಗಳಿಂದ ಕಲೆ ಹೆಚ್ಚಾಗುವುದಕ್ಕೂ ಇದೇ ಕಾರಣ, ಅಷ್ಟೂ ಒಂದೇ ಕಡೆ ಬೀಳುತ್ತದೆ. ಪರಿಹಾರವೂ ಸರಳ, ಕೂಡಲೇ ಧಾರಾಳವಾಗಿ ನೀರು ಹಾಯಿಸುವುದು. ಅದಕ್ಕೆಂದೇ ನಲ್ಲಿಯನ್ನು ಹುಲ್ಲುಹಾಸಿನ ಪಕ್ಕಕ್ಕೆ ತಂದೆ. ಮೂತ್ರದ ಗುಣವನ್ನು ಬದಲಿಸುತ್ತದೆಂದು ಹೇಳಿ ಮಾರುವ ಪುಡಿ, ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಮೂತ್ರದ ಆಮ್ಲೀಯತೆ ಏರುಪೇರಾದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಹುಲ್ಲಿಗಾಗಿ ನಾಯಿಯ ಆರೋಗ್ಯವನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ. ಕಡೆಗೆ ಒಂದು ಮೂಲೆಯಲ್ಲಿ ಮರದ ತೊಗಟೆಯ ಚೂರು ಹರಡಿ, ಮಧ್ಯೆ ಒಂದು ಗೂಟ ನೆಟ್ಟು ಅದನ್ನೇ ಶೌಚದ ಜಾಗ ಮಾಡಿದೆ. ಪ್ರತಿ ಬೆಳಿಗ್ಗೆ ಹಗ್ಗ ಹಿಡಿದು ಅಲ್ಲಿಗೇ ಕರೆದೊಯ್ದು ಅಭ್ಯಾಸ ಮಾಡಿಸಿದೆ.

ಮಲವನ್ನು ದಿನವೂ ಎತ್ತುತ್ತೇನೆ, ತರಕಾರಿಗೆ ಹಾಕುವ ಗೊಬ್ಬರದ ಗುಂಡಿಗೆ ಸೇರಿಸುವುದಿಲ್ಲ. ನಾಯಿಯ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು, ಮನುಷ್ಯರಿಗೂ ಸೋಂಕು ತರಬಲ್ಲವು. ಮಲದ ಜೊತೆ ಹೊರಬಿದ್ದ ಮೊಟ್ಟೆ ಸೋಂಕು ತರುವ ಹಂತಕ್ಕೆ ಬೆಳೆಯಲು ಸಮಯ ಹಿಡಿಯುವುದರಿಂದ ಬೇಗ ಎತ್ತಿದಷ್ಟೂ ಒಳ್ಳೆಯದು. ತರಕಾರಿ ಪಾತಿಗಳಿಗಂತೂ ಪ್ರತ್ಯೇಕ ಬೇಲಿಯೇ ಇದೆ.

ಗಿಡಗಳ ಸರದಿ ಬಂದಾಗ, ಬೇಡವಾದವನ್ನು ಮೊದಲು ತೆಗೆದೆ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಹಳದಿ ಹೂವಿನ ಕಣಗಿಲೆಯೂ ಹಾಗೆಯೇ. ದತ್ತೂರಿ, ಹರಳು, ಗೌರಿಹೂವು ಮೂರೂ ಅಪಾಯಕಾರಿ. ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು ಅಲಂಕಾರಕ್ಕೆಂದು ಎಲ್ಲೆಡೆ ನೆಡುವ ಸೈಕಸ್ ವಿಷಯದಲ್ಲಿ. ಸೇಗೋ ಪಾಮ್ ಎಂದು ಕರೆದರೂ ಇದು ತಾಳೆಯ ಜಾತಿಯದಲ್ಲ. ಇದರ ಎಲ್ಲ ಭಾಗಗಳೂ ನಾಯಿಗೆ ವಿಷ. ಬೀಜವಂತೂ ಯಕೃತ್ತನ್ನು ಹಾಳುಗೆಡವಿ ಪ್ರಾಣ ತೆಗೆಯಬಹುದು. ನಿಮಗೆ ಅದೇ ಬಗೆಯ ನೋಟ ಬೇಕಿದ್ದರೆ ಅರೆಕಾ ಪಾಮ್ ನೆಡಿ, ಅದರಿಂದ ನಾಯಿಗೆ ತೊಂದರೆಯಿಲ್ಲ. ನನ್ನ ಪಾತಿಗಳಲ್ಲಿ ಮಲ್ಲಿಗೆ, ಜಿನಿಯಾ, ಸೂರ್ಯಕಾಂತಿ, ರೋಸ್ಮರಿ ಇವೆ. ಗುಲಾಬಿಯೂ ವಿಷವಲ್ಲ, ಆದರೆ ಮುಳ್ಳು ಕಣ್ಣಿಗೆ ತಾಗದಂತೆ ಅದನ್ನು ಜಾಡಿನಿಂದ ದೂರವಿಟ್ಟಿದ್ದೇನೆ. ಸಸಿಗಳನ್ನು ಒಂಟೊಂಟಿಯಾಗಿ ನೆಡದೆ ಗುಂಪಾಗಿ, ಒತ್ತಾಗಿ ನೆಟ್ಟು, ಬೇರು ಹಿಡಿಯುವವರೆಗೆ ತಂತಿಬಲೆ ಸುತ್ತಿದೆ. ಗುಂಪಿನ ನಡುವೆ ನುಗ್ಗುವುದಕ್ಕಿಂತ ಬಳಸಿ ಹೋಗುವುದೇ ನಾಯಿಗೆ ಸುಲಭ.

ಗಿಡಗಳಷ್ಟೇ ಮುಖ್ಯವಾದದ್ದು ಮಣ್ಣಿಗೆ ಹಾಕುವ ವಸ್ತುಗಳು. ಇದನ್ನು ಅನೇಕರು ಮರೆಯುತ್ತಾರೆ. ಹರಳಿಂಡಿಯ ವಾಸನೆ ನಾಯಿಗೆ ಬಲು ಇಷ್ಟ, ಆದರೆ ಅದರಲ್ಲಿ ರಿಸಿನ್ ಎಂಬ ಘೋರ ವಿಷ ಉಳಿದಿರಬಹುದು. ನನ್ನ ತೋಟಕ್ಕೆ ಅದರ ಪ್ರವೇಶವೇ ಇಲ್ಲ. ಮೂಳೆಪುಡಿಯನ್ನು ನಾಯಿ ಅಗೆದು ತಿಂದರೆ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರಬಹುದು. ಕೋಕೋ ಸಿಪ್ಪೆಯ ಹೊದಿಕೆಯಲ್ಲಿ ಚಾಕೊಲೇಟಿನಲ್ಲಿರುವ, ನಾಯಿಗೆ ವಿಷವಾದ ಥಿಯೋಬ್ರೊಮಿನ್ ಇದೆ. ಬಸವನಹುಳುಗಳನ್ನು ಕೊಲ್ಲಲು ಬಳಸುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ಅಪಸ್ಮಾರದಂತಹ ಸೆಳೆತ ತರುತ್ತದೆ. ಗ್ರೇಟ್ ಬ್ರಿಟನ್‌ನಲ್ಲಿ ಅದರ ಹೊರಾಂಗಣ ಬಳಕೆಯನ್ನು 2022ರಿಂದ ನಿಷೇಧಿಸಿದ್ದಾರೆ. ಕೊಳೆಯುತ್ತಿರುವ ಗೊಬ್ಬರದ ಬೂಷ್ಟೂ ಅಪಾಯಕಾರಿ, ಆದ್ದರಿಂದ ಗೊಬ್ಬರದ ತೊಟ್ಟಿಗೆ ಬಿಗಿಯಾದ ಮುಚ್ಚಳವಿರಲಿ.

ನೆಲಹಾಸಿಗೆ ಚೂಪು ಜಲ್ಲಿಯ ಬದಲು ದುಂಡು ಕಲ್ಲು ಆಯ್ದುಕೊಂಡೆ. ಬಿಸಿಲಿಗೆ ಕಾಯುವ ಚಪ್ಪಡಿ ಮತ್ತು ಕೃತಕ ಹುಲ್ಲನ್ನು ದೂರವಿಟ್ಟೆ. ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ನಾಯಿಗಿಲ್ಲ, ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಅಂಗೈಯ ಹಿಂಬದಿಯನ್ನು ನೆಲದ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಆ ನೆಲದ ಮೇಲೆ ನಾಯಿಯನ್ನು ನಡೆಸಬಾರದು.

ನನಗಾಗಿ ಮಾಡಿಕೊಂಡದ್ದು ಒಂದು ಕಲ್ಲುಬೆಂಚು. ಅದರ ಜಾಗವನ್ನು ಆರಿಸಿಕೊಟ್ಟದ್ದೂ ಅದೇ ಹಾಳೆ: ನಾಯಿಗಳು ಮಧ್ಯಾಹ್ನ ಮಲಗುತ್ತಿದ್ದ ಮರದ ನೆರಳು. ಅಲ್ಲಿಂದ ಗೇಟೂ ಕಾಣುತ್ತದೆ, ಮರಳಿನ ಗುಂಡಿಯೂ ಕಾಣುತ್ತದೆ. ಬೆಂಚಿನ ಪಕ್ಕದಲ್ಲಿ ಎರಡೂ ನಾಯಿಗಳು ಕಾಲು ಚಾಚಿ ಮಲಗುವಷ್ಟು ತಂಪು ನೆಲವನ್ನು ಗಿಡ ನೆಡದೆ ಬಿಟ್ಟಿದ್ದೇನೆ.

ದೊಡ್ಡ ನಾಯಿಗೆ ಈಗ ವಯಸ್ಸಾಗಿದೆ. ಹಿಂಬಾಗಿಲಿನ ಮೆಟ್ಟಿಲು ಹತ್ತುವಾಗ ಹಿಂಗಾಲು ಎಳೆಯುತ್ತದೆ. ಹಾಗಾಗಿ ಈ ಬಾರಿ ಮೆಟ್ಟಿಲಿನ ಒಂದು ಬದಿಯಲ್ಲಿ ಇಳಿಜಾರು ಕಟ್ಟಿಸುತ್ತಿದ್ದೇನೆ. ಮಳೆಯಲ್ಲೂ ಜಾರದಂತೆ ಅದರ ಮೇಲ್ಮೈಯನ್ನು ಒರಟಾಗಿ ಬಿಡಿಸಿ, ಅಂಚಿಗೆ ಎರಡು ಇಂಚಿನ ಕಟ್ಟೆ ಹಾಕಿಸುತ್ತೇನೆ.